ನೋಯದ ಕಿವಿ

ನಮ್ಮ ಊರಿನಲ್ಲಿ ಬರೆದದ್ದು ಮರುದಿನದ ತನಕ ನಿಲ್ಲುವುದಿಲ್ಲ. ಬೆಳಗಾಗುವ ಹೊತ್ತಿಗೆ ಅಕ್ಷರಗಳೆಲ್ಲ ಕಾಗದದಿಂದ ಉದುರಿ ಕೆಳಗೆ ಬಿದ್ದಿರುತ್ತವೆ, ಕರಿ ಎಳ್ಳನ್ನು ಕುಟ್ಟಿ ಚೆಲ್ಲಿದ ಹಾಗೆ. ಕಲ್ಲಿನ ಮೇಲೆ ಕೆತ್ತಿದ್ದಾದರೆ ಎರಡು ಮೂರು ದಿನ ತಡೆಯುತ್ತದೆ, ಅಷ್ಟೆ. ಮನೆ ಗುಡಿಸುವಾಗ ಆ ಪುಡಿಯೂ ಕಸದ ಜೊತೆ ಹೋಗುತ್ತದೆ. ಕೆಲವರು ಅದನ್ನು ಎಣ್ಣೆಯಲ್ಲಿ ಕಲಸಿ ಮಕ್ಕಳ ಕಣ್ಣಿಗೆ ಕಾಡಿಗೆ ಹಚ್ಚುತ್ತಾರೆ, ತಂಪು ಎನ್ನುತ್ತಾರೆ. ಅದಕ್ಕೇ ಈ ಸಂಗತಿಯನ್ನು ನಾನು ಬರೆದಿಡುವ ಗೋಜಿಗೆ ಹೋಗದೆ ಹೇಳುತ್ತಿದ್ದೇನೆ.

ಮೊದಲು ಹೀಗಿರಲಿಲ್ಲ. ದೊಡ್ಡ ಆಳ್ವಿಕೆ ಇದ್ದ ಕಾಲದಲ್ಲಿ ನಾನು ರಾಜಧಾನಿಯ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿ ಬಂದು, ಕಣಜದ ಮೇಲಿನ ಮಹಡಿಯಲ್ಲಿದ್ದ ದಫ್ತರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದೆ. ಯಾರು ಹುಟ್ಟಿದರು, ಯಾರು ಸತ್ತರು, ಯಾವ ಹೊಲ ಯಾರದು, ಯಾರು ಯಾರ ಜೀತದಾಳು, ಎಲ್ಲವೂ ಕೆಂಪು ಬಟ್ಟೆಯ ಕಟ್ಟುಗಳಲ್ಲಿ ನನ್ನ ಕೈಬರಹದಲ್ಲಿದ್ದವು. ಊರವರು ನನ್ನ ಹೆಸರನ್ನು ಮರೆತು ದಫ್ತರದಮ್ಮ ಎಂದೇ ಕರೆಯುತ್ತಿದ್ದರು. ಈಗಲೂ ಹಾಗೆಯೇ ಕರೆಯುತ್ತಾರೆ, ದಫ್ತರ ಇಲ್ಲದಿದ್ದರೂ.

ಹುರುಳಿ ಕೀಳುವ ಕಾಲದಲ್ಲಿ ಒಂದು ದಿನ ಅಧಿಕಾರಿಗೆ ಹೊರಡುವ ಅಪ್ಪಣೆ ಬಂತು. ಅವರು, ಅವರ ಸಿಪಾಯಿಗಳು, ಅಡುಗೆಯವನು, ಎಲ್ಲರೂ ಹನ್ನೊಂದು ಗಾಡಿಗಳಲ್ಲಿ ಹೊರಟರು. ಬೇಗ ಬರುತ್ತೇವೆ ಎಂದರು. ಅಧಿಕಾರಿಯ ಹೆಂಡತಿ ಗಾಡಿ ಹತ್ತಿದವರು ಮತ್ತೆ ಇಳಿದು ಬಂದು, ಮೆಟ್ಟಿಲ ಪಕ್ಕದ ಮಲ್ಲಿಗೆ ಕುಂಡಕ್ಕೆ ಒಂದು ಚೊಂಬು ನೀರು ಹಾಕಿ ಹೋದರು. ಅವರ ಗಂಡ ಗದರಿಸುತ್ತಿದ್ದರೂ ಹಾಕಿದರು. ಮರುದಿನ ನಾನು ಎಂದಿನಂತೆ ಹತ್ತು ಗಂಟೆಗೆ ಬೀಗ ತೆಗೆದರೆ ದಫ್ತರದ ನೆಲದ ಮೇಲೆ ಹಿಮ್ಮಡಿ ಮುಳುಗುವಷ್ಟು ಕರಿ ಪುಡಿ. ಕಟ್ಟು ಬಿಚ್ಚಿ ನೋಡಿದೆ, ಒಂದೊಂದು ಹಾಳೆಯೂ ಬೆಳ್ಳಗೆ. ಏನು ಮಾಡಬೇಕೆಂದು ತೋಚದೆ ಪೊರಕೆ ತೆಗೆದುಕೊಂಡೆ.

ಒಂದು ತಿಂಗಳು ಹೀಗೇ ಹೋಗಿ ಕೂತು ಬಂದೆ. ಆಮೇಲೆ ಬಿಟ್ಟೆ. ಬೆಟ್ಟದಿಂದ ನೀರು ತರುವ ಕಾಲುವೆ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ತಿಳಿದಿದ್ದವರು ಮೂವರು. ಇಬ್ಬರು ಗಾಡಿಗಳ ಜೊತೆ ಹೋಗಿದ್ದರು, ಒಬ್ಬ ಚಳಿಜ್ವರದಲ್ಲಿ ಹೋದ. ನೀರು ನಿಂತಿತು. ದೊಡ್ಡ ಸ್ನಾನದ ಕೊಳ ಒಣಗಿ ಅದರಲ್ಲಿ ಆಡು ಕಟ್ಟುವಂತಾಯಿತು. ಹೊರಬೀದಿಗಳ ಜನ ಕಣಜದ ಸುತ್ತ ಬಂದು ಸೇರಿದರು. ಆ ಬೀದಿಗಳಲ್ಲಿ ಜಗಳವಾಡುವುದಕ್ಕೂ ಯಾರೂ ಸಿಗದಂತಾಯಿತು.

ಎರಡು ವರ್ಷ ಕಳೆದ ಮೇಲೆ ತೊಗಲಂಗಿಯವರು ಬಂದರು. ಅವರಿಗೆ ಅವರದೇ ಒಂದು ಹೆಸರಿದೆ, ನಮ್ಮ ನಾಲಿಗೆಗೆ ಹತ್ತಲಿಲ್ಲ. ಕುರಿಯ ತೊಗಲನ್ನು ಅಂಗಿಯಂತೆ ತೊಟ್ಟಿದ್ದರಿಂದ ನಾವು ಹಾಗೆ ಕರೆದೆವು. ಅವರು ನಮ್ಮನ್ನು ಕಾಗದದವರು ಎಂದು ಕರೆದರು. ಬೆಂಕಿ ಹಚ್ಚುತ್ತಾರೆ ಎಂದು ಹೆದರಿ ಬಾಗಿಲು ಹಾಕಿಕೊಂಡಿದ್ದೆವು. ಬಂದವರು ಗಾಡಿಗಳಲ್ಲಿ ಕೋಳಿ, ಮುದುಕಿಯರು, ಕೆಮ್ಮುವ ಕೂಸುಗಳನ್ನು ತುಂಬಿಕೊಂಡು ಬಂದಿದ್ದರು. ಅವರ ಹಿರಿಯ ಒರ್ಗ ಎಂಬವನು ಮನೆ ಮನೆಗೆ ನಡೆದು ಕೈಸನ್ನೆಯಲ್ಲಿ ತಿಳಿಸಿದ: ಪ್ರತಿ ಮನೆಯಲ್ಲೂ ಮೂರರಲ್ಲಿ ಒಂದು ಪಾಲು ತಮಗೆ. ಕತ್ತಿ ಅವನ ಸೊಂಟದಲ್ಲಿತ್ತು, ಕೈ ಅದರ ಮೇಲಿರಲಿಲ್ಲ. ಆದರೆ ಇಲ್ಲ ಎಂದ ಎರಡು ಮನೆಗಳವರನ್ನು ಮರುದಿನ ಯಾರೂ ನೋಡಲಿಲ್ಲ.

ನನ್ನ ಮನೆಗೆ ಬಂದವಳು ಒರ್ಗನ ತಂಗಿ ಉಲ್ದಾ. ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು. ಜೊತೆಗೆ ಮಗ, ಸೊಸೆ ಮತ್ತು ಇರ್ಮಿ ಎಂಬ ಎಳೆಗೂಸು. ಉಲ್ದಾ ಹಜಾರದಲ್ಲಿ ನಿಂತು, ಅದೆಲ್ಲಿ ಕಲಿತಿದ್ದಳೋ, ನಮ್ಮ ಮಾತಿನಲ್ಲಿ ಹೇಳಿದಳು: "ನಾನು ಇಲ್ಲಿ. ನೀನು ಅಲ್ಲಿ. ಬೆಂಕಿ ನಡುವೆ." ಹಾಗೆಯೇ ಒಲೆ ನಡುಮನೆಗೆ ಬಂತು. ಅವಳು ನಸುಕಿನಲ್ಲಿ ಎದ್ದು ನೀರು ತರುವಾಗ ನನಗೆ ಎಚ್ಚರವಾಗದಿರಲೆಂದು ಕೊಡದ ಅಡಿಗೆ ಸಿಂಬೆ ಇಟ್ಟು ಸದ್ದಿಲ್ಲದೆ ಇಳಿಸುತ್ತಿದ್ದಳು. ಅದನ್ನು ಗಮನಿಸಿದ ದಿನದಿಂದ ನಾನು ನನ್ನ ಕೋಣೆಗೆ ಅಗುಳಿ ಹಾಕುವುದನ್ನು ಬಿಟ್ಟೆ.

ಕಿವಿ ಹಿಂಡುವುದನ್ನು ನಾವು ಮೊದಲು ನೋಡಿದ್ದು ಸಂತೆಯಲ್ಲಿ. ಇಬ್ಬರು ತೊಗಲಂಗಿಯವರು ಒಂದು ಹೇಸರಗತ್ತೆಯ ವ್ಯಾಪಾರ ಮುಗಿಸಿದರು. ಒಂದು ಪುಟ್ಟ ಮಗುವನ್ನು ಕರೆದು ನಡುವೆ ಕೂರಿಸಿದರು. ಕತ್ತೆ ಯಾರದು, ಯಾರಿಗೆ ಹೋಯಿತು ಎಂದು ಮೂರು ಸಲ ಗಟ್ಟಿಯಾಗಿ ಹೇಳಿದರು. ಮೂರನೆಯ ಸಲ ಹೇಳುವಾಗ ಒಬ್ಬ ಮುದುಕಿ ಮಗುವಿನ ಕಿವಿಯನ್ನು ತಿರುಚಿ ಹಿಂಡಿದಳು. ಮಗು ಕಿಟಾರನೆ ಕಿರುಚಿತು, ಎಲ್ಲರೂ ತಲೆಯಾಡಿಸಿದರು, ಮುದುಕಿ ಮಗುವಿನ ಬಾಯಿಗೆ ಒಂದು ತುಂಡು ಬೆಲ್ಲ ಹಾಕಿದಳು. ಅಲ್ಲಿಗೆ ವ್ಯಾಪಾರ ಪಕ್ಕಾ ಆಯಿತು.

ಗಾಣದ ಮಾರಪ್ಪ ನನ್ನ ಪಕ್ಕದಲ್ಲಿ ನಿಂತಿದ್ದ. ತನ್ನ ಕಿವಿ ಮುಟ್ಟಿಕೊಂಡು ಹೇಳಿದ: "ಏನ್ ದಫ್ತರದಮ್ಮಾ, ಮೇಷ್ಟ್ರು ನನಗೆ ಹಿಂಡಿದ್ದ ಲೆಕ್ಕದಲ್ಲಿ ಅರ್ಧ ಊರಿನ ಹೊಲ ಗದ್ದೆ ಇದರೊಳಗೇ ಇರಬೇಕಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ವರ್ಷ ಕಳೆಯುವುದರೊಳಗೆ ಅದೇ ಮಾರಪ್ಪ ತನ್ನ ಗಾಣದ ಪಾಲು ಮಾಡಿಸುವಾಗ ಕುಂಬಾರರ ಮಗುವಿನ ಕಿವಿ ಹಿಂಡಿಸಿದ. ಬೇರೆ ದಾರಿ ಇರಲಿಲ್ಲ. ಕಾಗದದಲ್ಲಿ ಏನೂ ನಿಲ್ಲುತ್ತಿರಲಿಲ್ಲ, ದೊಡ್ಡವರ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಉಲ್ದಾ ನನಗೆ ನಿಯಮಗಳನ್ನು ಬಿಡಿಸಿ ಹೇಳಿದ್ದಳು. ಮಗುವಿನ ಹಾಲುಹಲ್ಲು ಬಿದ್ದಿರಬಾರದು. ಎರಡೂ ಕಡೆಗೆ ನೆಂಟಸ್ತನ ಇರಬಾರದು. ಹಿಂಡುವವರು ವಯಸ್ಸಾದ ಹೆಂಗಸಾಗಿರಬೇಕು, ಅವರಿಗೂ ಆ ಮಗು ರಕ್ತಸಂಬಂಧಿಯಾಗಿರಬಾರದು. ಮುಂದೆ ಯಾವತ್ತಾದರೂ ತಕರಾರು ಬಂದರೆ ಆ ಮಗು, ಎಷ್ಟೇ ದೊಡ್ಡದಾಗಿದ್ದರೂ, ಬಳಗದ ನಡುವೆ ನಿಂತು ಹೇಳಬೇಕು. ಬಳಗ ಎಂದರೆ ಒಣಗಿದ ಕೊಳದ ಮೆಟ್ಟಿಲುಗಳ ಮೇಲೆ ಸುತ್ತಲೂ ಕೂರುವ ಹಿರಿಯರು, ನಮ್ಮವರು ಅರ್ಧ, ಅವರವರು ಅರ್ಧ. ಅಲ್ಲಿ ಕೇಳುವ ಮೊದಲ ಪ್ರಶ್ನೆ, ಯಾವ ಕಿವಿ? ಎರಡನೆಯದು, ನೋವಾಯಿತೇ?

ಈಗ ದುಗ್ಗಿಯ ವಿಷಯ ಹೇಳಬೇಕು. ಅವಳು ನೀಲಿ ತೊಟ್ಟಿಗಳ ಒಡೆಯ ತಮ್ಮರಸನ ಜೀತದಾಳು. ಅವಳು ಹುಟ್ಟಿದಾಗ ನಾನೇ ಕೆಂಪು ಕಟ್ಟಿನಲ್ಲಿ ಬರೆದಿದ್ದೆ, "ದುಗ್ಗಿ, ನೀಲಿ ತೊಟ್ಟಿ, ತಮ್ಮರಸನ ಆಳು" ಎಂದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು, ಅಕ್ಷರ ದುಂಡಗೆ ಬಂದಿದೆ ಎಂದು ಮೇಲಿನವರು ಹೊಗಳಿದ್ದರು. ಅಕ್ಷರ ಉದುರಿದ ದಿನ ಆ ಸಾಲೂ ಉದುರಿತು. ಅವಳ ಕಾಲಿನ ಕಬ್ಬಿಣದ ಕಡಗ ಉದುರಲಿಲ್ಲ. ಬಟ್ಟೆ ಅದ್ದಿ ಅದ್ದಿ ಅವಳ ಕೈಗಳು ಮೊಣಕೈ ತನಕ ನೀಲಿ. ಮಗಳು ಹೊನ್ನಿ ಒಂಬತ್ತು ವರ್ಷದವಳು, ಅವಳ ಬೆರಳ ತುದಿಗಳು ಆಗಲೇ ನೀಲಿ ತಿರುಗಿದ್ದವು.

ತೊಗಲಂಗಿಯವರು ಬಂದ ಆರನೆಯ ವರ್ಷ ತಮ್ಮರಸನಿಗೆ ಜ್ವರ ಬಂತು. ಅವನ ತಮ್ಮನ ಮಗ ಅಂಕಯ್ಯ ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದ. ನಲವತ್ತು ದಿನ ಒಳಗಿದ್ದು ಗಂಜಿ ಕುಡಿಸಿದವಳು, ಮೈ ಒರೆಸಿದವಳು ದುಗ್ಗಿ. ನನಗೆ ಹೇಳಿಕಳಿಸಿದರು. ಹೋದೆ. ತಮ್ಮರಸ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದ. ಬೆರಳ ತುಂಬ ಮಸಿ.

"ದಫ್ತರದಮ್ಮಾ, ಇವಳನ್ನೂ ಮಗೂನೂ ಬಿಟ್ಟಿದೀನಿ ಅಂತ ಹನ್ನೊಂದು ಸಲ ಬರ್ದೆ. ಬೆಳಗ್ಗೆ ಕಣ್ಣು ಬಿಟ್ರೆ ಇವಳೇ ಪೊರಕೆ ಹಿಡ್ಕೊಂಡು ಅದನ್ನ ಗುಡಿಸ್ತಿರ್ತಾಳೆ."

"ಮತ್ತೇನ್ ಮಾಡ್ಲಿ ಬುದ್ಧೀ," ಎಂದಳು ದುಗ್ಗಿ, "ಮಂಚದ ಕೆಳಗೆ ಹಂಗೇ ಬಿಡಕ್ಕಾಯ್ತದಾ? ತುಳ್ಕೊಂಡು ಮನೆಯೆಲ್ಲ ಮಾಡ್ತೀರಿ."

ತಮ್ಮರಸ ನಕ್ಕ, ನಗುವಿನ ಕೊನೆಗೆ ಕೆಮ್ಮಿದ. "ಆಯ್ತು ಬಿಡು. ಅವರ ರೀತೀಲೇ ಮಾಡೋಣ. ನೀವೇ ಹಿಂಡಿ ದಫ್ತರದಮ್ಮಾ. ನಿಮ್ಮ ಕೈ ಮೇಲೆ ನಂಗೆ ನಂಬಿಕೆ."

ಮಗು ಬೇಕಿತ್ತಲ್ಲ, ನಾನು ಮನೆಯಿಂದ ಇರ್ಮಿಯನ್ನು ಕರೆತಂದೆ. ಆಗ ಅವಳಿಗೆ ಆರು. ನನ್ನ ಮಗ್ಗುಲಲ್ಲೇ ಬೆಳೆದ ಮಗು. ಬೆಳಗ್ಗೆ ನಾನು ಹಲಗೆಯ ಮೇಲೆ ಅಕ್ಷರ ಬರೆದುಕೊಡುತ್ತಿದ್ದೆ, ಮರುದಿನ ಹೋಗಿಬಿಡುವ ಅಕ್ಷರ. ಇವಳಿಗೆ ಅದರಿಂದ ಬೇಸರವಿರಲಿಲ್ಲ. "ಇವತ್ತು ಹೊಸ ಹಲಗೆ!" ಎಂದು ಕುಣಿಯುತ್ತಿದ್ದಳು. ದಫ್ತರದಲ್ಲಿ ನನಗೆ ಕಲಿಸಿದ್ದನ್ನೇ ಅವಳಿಗೂ ಹೇಳಿಕೊಡುತ್ತಿದ್ದೆ: ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಒಂದು ಮಾತು ಸೇರಿಸಬಾರದು, ಒಂದು ಬಿಡಬಾರದು.

ಮಂಚದ ಪಕ್ಕ ಮಣೆಯ ಮೇಲೆ ಅವಳನ್ನು ಕೂರಿಸಿದೆವು. ಉಲ್ದಾ ಇದ್ದಳು, ಕಡಗ ಕತ್ತರಿಸಲು ಕಮ್ಮಾರ ಬಂದಿದ್ದ, ಅಂಕಯ್ಯ ಬಾಗಿಲಲ್ಲಿದ್ದ. ತಮ್ಮರಸ ಒಂದು ಸಲ ಹೇಳಿದ: "ದುಗ್ಗಿ, ಅವಳ ಮಗಳು ಹೊನ್ನಿ, ಇಬ್ಬರೂ ಇವತ್ತಿನಿಂದ ಯಾರ ಆಳೂ ಅಲ್ಲ." ಎರಡು ಸಲ ಹೇಳಿದ. ಮೂರನೆಯ ಸಲ ಶುರುಮಾಡಿದಾಗ ನಾನು ಇರ್ಮಿಯ ಬಲಗಿವಿ ಹಿಡಿದೆ. ಬಿಸಿಲಿಗೆ ಹಿಡಿದರೆ ಆಚೆ ಕಡೆಯ ಬೆಳಕು ಕಾಣುವಂಥ ಕಿವಿ. ಮಗು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡು ಕಾಯುತ್ತಿತ್ತು.

ನನ್ನಿಂದಾಗಲಿಲ್ಲ. ಬೆರಳನ್ನು ತಿರುಗಿಸಿದ ಹಾಗೆ ಮಾಡಿದೆ, ಹಿಂಡಲಿಲ್ಲ. ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದೆ: "ಅಳೇ ಮಗಾ. ಸುಮ್ನೆ ಜೋರಾಗಿ ಅಳು." ಇರ್ಮಿ ಒಂದು ಕಣ್ಣು ತೆರೆದು ನನ್ನನ್ನು ನೋಡಿದಳು, ಅರ್ಥವಾಯಿತು, ಊರು ಕೇಳುವ ಹಾಗೆ ಬೊಬ್ಬೆ ಹೊಡೆದಳು. ಎಲ್ಲರೂ ತಲೆಯಾಡಿಸಿದರು. ಉಲ್ದಾ ಬೆಲ್ಲ ಕೊಟ್ಟಳು. ಕಮ್ಮಾರ ಕಡಗ ಕತ್ತರಿಸಿದ. ಅದರ ಕೆಳಗೆ ದುಗ್ಗಿಯ ಕಾಲಿನಲ್ಲಿ ಮಗುವಿನ ಚರ್ಮದಂಥ ಬೆಳ್ಳನೆಯ ಪಟ್ಟಿ ಇತ್ತು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು. ಆ ಸಂಭ್ರಮದಲ್ಲಿ ನಾನು ಒಂದನ್ನು ಗಮನಿಸಲಿಲ್ಲ. ಅಂಕಯ್ಯ ದುಗ್ಗಿಯ ಕಾಲನ್ನಾಗಲಿ ಮಗುವಿನ ಮುಖವನ್ನಾಗಲಿ ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದ. ಜನರ ಸಣ್ಣ ಸಣ್ಣ ಒಳ್ಳೆಯತನ ನನ್ನ ಕಣ್ಣಿಗೆ ಬೀಳುತ್ತದೆ. ಉಳಿದದ್ದು ತಡವಾಗಿ ಕಾಣುತ್ತದೆ.

ತಮ್ಮರಸ ಎಂಟು ದಿನಕ್ಕೆ ತೀರಿಕೊಂಡ, ತೊಟ್ಟಿಗಳು ಅಂಕಯ್ಯನ ಪಾಲಾದವು. ದುಗ್ಗಿ ಕಣಜದ ಹಿಂದಿನ ಬೀದಿಯಲ್ಲಿ ಒಂದು ಬಿದ್ದ ಮನೆಗೆ ಸೋಗೆ ಹೊದಿಸಿಕೊಂಡು, ನೂಲು ಬಣ್ಣ ಹಾಕಿ ಮಾರುತ್ತ ನಾಲ್ಕು ವರ್ಷ ಬಾಳಿದಳು. ದಿನ ಬಿಟ್ಟು ದಿನ ನನಗೆ ಒಂದು ಹಿಡಿ ಸೊಪ್ಪು ತಂದು ಬಾಗಿಲಲ್ಲಿಟ್ಟು, ಕೂಗದೆ ಹೋಗುತ್ತಿದ್ದಳು. ಆ ನಾಲ್ಕು ವರ್ಷದಲ್ಲಿ ಅಂಕಯ್ಯ ತೊಗಲಂಗಿ ತೊಟ್ಟ, ಅವರ ಮಾತು ಕಲಿತ, ಅವರ ಹಬ್ಬದಲ್ಲಿ ಅವರಿಗಿಂತ ಹೆಚ್ಚು ಕುಡಿದ. ತೊಟ್ಟಿಗಳಿಗೆ ಆಳು ಸಾಲದೇ ಹೋದಾಗ ಬಳಗ ಕರೆಸಿದ. ದುಗ್ಗಿ, ಹೊನ್ನಿ ತನ್ನ ಆಳುಗಳು, ಬಿಡುಗಡೆ ಆಗಿಯೇ ಇಲ್ಲ ಎಂದ.

ಬಳಗದ ಹಿಂದಿನ ಸಂಜೆ ಇರ್ಮಿ ಒಲೆಯ ಮುಂದೆ ಕೂತು ರಾಗಿ ಮುದ್ದೆ ಮುರಿಯುತ್ತಿದ್ದಳು. ಹತ್ತು ವರ್ಷದ ಹುಡುಗಿ, ಉದ್ದಕ್ಕೆ ಬೆಳೆದಿದ್ದಳು. ಅವಳ ತೊಡೆಯ ಮೇಲೆ ಎರಡು ವರ್ಷದ ತಂಗಿ ಸುನ್ವಿ ಮಲಗಿತ್ತು. ನಾಳೆ ನೋವಾಯಿತು ಎಂದುಬಿಡು, ಎಂದು ಅವಳಿಗೆ ಹೇಳಬೇಕೆಂದು ನಾನು ಬಾಯಿ ತೆರೆದೆ. ಇಪ್ಪತ್ತೆರಡು ವರ್ಷ ದಫ್ತರದಲ್ಲಿ ಕೂತ ಬಾಯಿ. "ನಾಳೆ ತಲೆ ಬಾಚ್ಕೊಂಡು ಹೋಗು" ಎಂದೆ.

ಕೊಳದ ಮೆಟ್ಟಿಲು ತುಂಬಿತ್ತು. ಒರ್ಗ ಒಡೆದ ಹಿಮ್ಮಡಿಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕೂತಿದ್ದ. ಇರ್ಮಿಯನ್ನು ಕೊಳದ ತಳದಲ್ಲಿ ನಿಲ್ಲಿಸಿದರು. ಹಿರಿಯನಂತೆ ಹೆದರಿಸದೆ, ಸೋದರಜ್ಜನ ದನಿಯಲ್ಲಿ ಅವನು ಕೇಳಿದ: "ಯಾವ ಕಿವಿ?"

ಅವಳು ಬಲಗಿವಿ ಮುಟ್ಟಿ ತೋರಿಸಿದಳು.

"ಏನು ಕೇಳಿದೆ?"

ತಮ್ಮರಸ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಮೆಟ್ಟಿಲ ಮೇಲೆ ಜನ ಆಗಲೇ ಏಳತೊಡಗಿದ್ದರು. ಅಂಕಯ್ಯ ಕೂತಲ್ಲಿಂದಲೇ ಕೇಳಿದ: "ನೋವಾಯ್ತಾ ಅಂತ ಕೇಳಿ."

"ನೋವಾಯಿತೇ?" ಎಂದ ಒರ್ಗ.

ಇರ್ಮಿ ನನ್ನ ಕಡೆ ನೋಡಿದಳು. ಹಲಗೆಯ ಮೇಲೆ ಬರೆದದ್ದು ಸರಿಯೇ ಎಂದು ಕೇಳುವಾಗ ನೋಡುತ್ತಿದ್ದ ಹಾಗೆಯೇ. "ಇಲ್ಲ," ಎಂದಳು. "ಅಜ್ಜಿ ಮೆಲ್ಲಗೆ ಹಿಡಿದ್ರು. ಅಳು ಅಂದ್ರು, ನಾನು ಅತ್ತೆ."

ಕಟ್ಟಿದ್ದ ಆಡೊಂದು ಅರಚಿತು. ನಾನು ಎದ್ದು ನಿಂತು ಏನೇನೋ ಹೇಳಿದೆ. ತಮ್ಮರಸ ಹೇಳಿದ್ದು ನಿಜ, ನಾನು ಕೇಳಿದ್ದೇನೆ, ಉಲ್ದಾ ಕೇಳಿದ್ದಾಳೆ, ಕಮ್ಮಾರ ಕಡಗ ಕತ್ತರಿಸಿದ್ದಾನೆ, ತಪ್ಪು ನನ್ನದು, ದುಗ್ಗಿಯದೇನಿದೆ ಎಂದೆ. ಒರ್ಗ ಪೂರ್ತಿ ಕೇಳಿದ, ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದ: "ಅಕ್ಕಾ, ನಿಮ್ಮ ಕಾಗದದ ಕಾಲದಲ್ಲಿ ಮುದ್ರೆ ಬೀಳದ ಕಾಗದ ತಂದವರಿಗೆ ನೀನು ಏನು ಹೇಳ್ತಿದ್ದೆ?"

ಒಬ್ಬ ಮುದುಕನನ್ನು, ಮುದ್ರೆ ಮಸುಕಾಗಿದೆ ಎಂದು ಮೂರು ಸಲ ವಾಪಸು ಕಳಿಸಿದ್ದೆ. ಮೂರನೆಯ ಸಲ ಅವನು ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡು ಇಳಿದದ್ದು ನೆನಪಾಯಿತು. ನಾಲ್ಕನೆಯ ಸಲ ಅವನು ಬರಲಿಲ್ಲ.

ಅಲ್ಲೇ ಕಮ್ಮಾರನನ್ನು ಕರೆಸಿದರು. ಕತ್ತರಿಸಿದವನೇ ಮತ್ತೆ ತೊಡಿಸಬೇಕಾಯಿತು. ಹೊನ್ನಿಗೆ ಆಗ ಹದಿಮೂರು. ಅವಳಿಗೆ ಹೊಸ ಕಡಗ. ದುಗ್ಗಿ ಕಿರುಚಲಿಲ್ಲ. "ಎಡಗಾಲಿಗೆ ಹಾಕಪ್ಪ," ಎಂದಳು ಕಮ್ಮಾರನಿಗೆ, "ಬಲಗಾಲು ಊದೈತೆ." ಆಮೇಲೆ ನನ್ನ ಹತ್ತಿರ ಬಂದು, ನೀಲಿ ಕೈಯಿಂದ ನನ್ನ ಸೆರಗು ಸರಿಪಡಿಸಿ ಹೇಳಿದಳು: "ಅಮ್ಮಾವ್ರೇ, ಆ ಮಗೀನ ಬಯ್ಯಬ್ಯಾಡಿ. ಅದೇನು ಸುಳ್ಳು ಹೇಳ್ನಿಲ್ಲ."

ಮನೆಗೆ ಬಂದ ಮೇಲೆ ಇರ್ಮಿ ನನ್ನ ಮುಂದೆ ಬಂದು ನಿಂತಳು. ಕೂದಲನ್ನು ಹಿಂದಕ್ಕೆ ಎತ್ತಿ ಕಿವಿ ಮುಂದೆ ಮಾಡಿದಳು. "ಈಗ ಹಿಂಡು ಅಜ್ಜಿ. ಈಗ ನೋಯ್ಲಿ." ಅವಳ ಹಾಲುಹಲ್ಲುಗಳೆಲ್ಲ ಬಿದ್ದುಹೋಗಿದ್ದವು. ಉಲ್ದಾ ಅವಳನ್ನು ಒಳಗೆ ಕರೆದುಕೊಂಡು ಹೋದಳು.

ಅಂಕಯ್ಯನ ತೊಟ್ಟಿಗಳ ಹತ್ತಿರ ವಾರಕ್ಕೊಮ್ಮೆ ಹೋಗುತ್ತಿದ್ದೆ. ಬೇಲಿಯ ಈಚೆಯಿಂದಲೇ ಮಾತು. ದುಗ್ಗಿ ಬರಬರುತ್ತ ಸಣ್ಣಗಾದಳು, ಕೆಮ್ಮಿದರೆ ಉಗುಳೂ ನೀಲಿ. ಮೂರನೆಯ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ತೊಟ್ಟಿಯ ಅಂಚಿನಲ್ಲಿ ಕೂತವಳು ಏಳಲಿಲ್ಲ. ನಾನೂ ಉಲ್ದಾಳೂ ಮೈ ತೊಳೆದೆವು. ಸೀಗೆಪುಡಿ ಹಾಕಿ ಎಷ್ಟು ಉಜ್ಜಿದರೂ ಕೈಯ ಬಣ್ಣ ಹೋಗಲಿಲ್ಲ. ಕಡಗವನ್ನು ಅಂಕಯ್ಯ ಬಿಚ್ಚಿಸಿಕೊಂಡ. ಕಬ್ಬಿಣ ಸಿಗುವುದು ಕಷ್ಟವಾಗಿತ್ತು.

ಹೊನ್ನಿ ಉಳಿದಳು. ಹದಿನಾರು ವರ್ಷ. ಅಂಕಯ್ಯನ ದೊಡ್ಡ ಮಗ ಅವಳನ್ನು ನೋಡುವ ನೋಟ ಬೇಲಿಯ ಈಚೆಯಿಂದಲೂ ಕಾಣುತ್ತಿತ್ತು. ನಾನು ಮರುದಿನವೇ ಅಂಕಯ್ಯನ ಬಾಗಿಲಿಗೆ ಹೋದೆ. "ನನ್ನ ಮನೆಯ ಎರಡು ಪಾಲು ತಗೋ. ಹೊನ್ನೀನ ಬಿಡು" ಎಂದೆ. ಕಣಜದ ಪಕ್ಕದ ಮನೆ, ಒಳಗೇ ಬಾವಿ. ಅವನು ಹೆಚ್ಚು ಯೋಚಿಸಲಿಲ್ಲ.

"ಆದ್ರೆ ದಫ್ತರದಮ್ಮಾ," ಎಂದ ನಗುತ್ತ, "ಈ ಸಲವಾದ್ರೂ ಕಿವಿ ಸರಿಯಾಗಿ ಹಿಂಡ್ತೀರಾ, ಇಲ್ಲಾ ಮುದ್ದು ಮಾಡ್ತೀರಾ?"

ಮಗು ಬೇಕಿತ್ತು. ಆ ವರ್ಷದ ಜ್ವರದಲ್ಲಿ ನಮ್ಮ ಬೀದಿಯ ಪುಟ್ಟ ಮಕ್ಕಳು ಹೋಗಿದ್ದರು, ಒಂದು ಉಳಿದಿತ್ತು. ಸುನ್ವಿ, ಐದು ವರ್ಷ. ನನ್ನ ಮನೆಯಲ್ಲೇ ಹುಟ್ಟಿದ್ದು, ನನ್ನ ಕೋಣೆಯ ಹೊಸ್ತಿಲಲ್ಲೇ ಮೊದಲ ಹೆಜ್ಜೆ ಇಟ್ಟದ್ದು. ಬೆಳಗ್ಗೆ ಎದ್ದ ಕೂಡಲೇ ನನ್ನ ಊರುಗೋಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು, "ತಗೋ ಅಜ್ಜಿ, ನಿನ್ನ ಮೂರನೇ ಕಾಲು" ಎಂದು ಕೈಗೆ ಕೊಟ್ಟರೇ ಅವಳಿಗೆ ದಿನ ಶುರುವಾಗುತ್ತಿತ್ತು.

ಉಲ್ದಾ ನನ್ನನ್ನು ಕೇಳಿದಳು: "ಬೇರೆ ಮುದುಕಿ ಹಿಂಡಲಿ?" ನನ್ನ ಮುಖ ನೋಡಿ ಕೇಳಿದ ಮಾತು ಅದು, ನನಗಾಗಿ. ಬೇಡ ಎಂದೆ. ಬೇರೆ ಕೈಗೂ ಕರುಣೆ ಬಂದುಬಿಟ್ಟರೆ ಏನು ಗತಿ? ನನ್ನ ಕೈಯನ್ನಾದರೆ ನಾನು ಬಲ್ಲೆ. ಎಂಟು ದಿನದಿಂದ ನಾನು ಉಗುರು ಕತ್ತರಿಸಿರಲಿಲ್ಲ.

ಬೆಳಗಿನ ಬಿಸಿಲಿನಲ್ಲಿ ಅಂಕಯ್ಯನ ಅಂಗಳದಲ್ಲಿ ಎಲ್ಲರೂ ಸೇರಿದೆವು. ಒರ್ಗ ಬಂದಿದ್ದ. ಹೊನ್ನಿ ತಲೆ ಬಗ್ಗಿಸಿ ನಿಂತಿದ್ದಳು. ಸುನ್ವಿ ಮಣೆಯ ಮೇಲೆ ಕೂರದೆ ನೇರವಾಗಿ ನನ್ನ ತೊಡೆಯ ಮೇಲೆ ಬಂದು ಕೂತಳು. ಹೊಸ ಲಂಗ ಹಾಕಿಕೊಂಡಿದ್ದಳು. ಇರ್ಮಿಯ ಕಥೆ ಮನೆಯಲ್ಲಿ ಎಷ್ಟೋ ಸಲ ಬಂದಿತ್ತಲ್ಲ, ಮಗು ಅದನ್ನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿತ್ತು. ಅಂಕಯ್ಯ ಮೊದಲ ಸಲ ಹೇಳುತ್ತಿರುವಾಗಲೇ ನನ್ನ ಕೊರಳಿಗೆ ಬಾಯಿ ಹಚ್ಚಿ ಪಿಸುಗುಟ್ಟಿತು: "ಅಜ್ಜಿ, ನಾನೂ ಸುಳ್ಳು ಸುಳ್ಳೇ ಅಳ್ಲಾ?"

ನಾನು ಅವಳ ಎಡಗಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿದೆ.

ಅಂಕಯ್ಯ ಎರಡನೆಯ ಸಲ ಹೇಳಿದ. ಮಗು ನಗು ತಡೆದುಕೊಳ್ಳಲು ತುಟಿ ಒತ್ತಿ ಹಿಡಿದಿತ್ತು, ಕೆನ್ನೆ ಉಬ್ಬಿತ್ತು. ಮೂರನೆಯ ಸಲ, "ಹೊನ್ನಿ ಇವತ್ತಿನಿಂದ ಯಾರ ಆಳೂ ಅಲ್ಲ, ಅವಳ ಹೊಟ್ಟೆಯ ಮಕ್ಕಳೂ ಅಲ್ಲ" ಎಂದು ನಾನು ಹೇಳಿಕೊಟ್ಟ ಮಾತನ್ನು ಅಂಕಯ್ಯ ಆಡುತ್ತಿರುವಾಗ, ನಾನು ಎಡಗಿವಿ ಹಿಡಿದು, ಉಗುರು ಊರಿ, ತಿರುಚಿದೆ. ಮಾತು ಮುಗಿಯುವ ತನಕ ಬಿಡಲಿಲ್ಲ. ಮೊದಲು ಸುನ್ವಿ ಅಳಲೇ ಇಲ್ಲ. ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಬಂದ ಅಳು ಬೊಬ್ಬೆಯಾಗಿರಲಿಲ್ಲ, ಒಳಗೆಳೆದುಕೊಂಡ ಉಸಿರು ಹೊರಗೆ ಬರಲಾರದೆ ಒದ್ದಾಡುವ ಸದ್ದು. ನನ್ನ ಬೆರಳಿಗೆ ಬಿಸಿಯಾಗಿ ಏನೋ ತಾಗಿತು. ಕಿವಿಯ ಅಂಚು ಹರಿದಿತ್ತು.

ಬೆಲ್ಲ ಕೊಡಲು ಹೋದೆ. ಮಗು ಬಾಯಿ ಬಿಗಿದುಕೊಂಡು ಇರ್ಮಿಯ ಕಡೆ ಕೈ ಚಾಚಿತು. ಇರ್ಮಿ ಎತ್ತಿಕೊಂಡಳು. ಹೊನ್ನಿಯ ಕಡಗ ಕತ್ತರಿಸುವ ಸದ್ದು ಕೇಳಿಸುತ್ತಿತ್ತು, ನಾನು ಆ ಕಡೆ ನೋಡಲಿಲ್ಲ.

ಮನೆ ಕೈಬಿಟ್ಟ ಸಂಜೆ ನನ್ನ ಚಾಪೆ, ಎರಡು ಸೀರೆ, ಬೆಳ್ಳನೆಯ ಹಾಳೆಗಳ ಒಂದು ಕೆಂಪು ಕಟ್ಟು ತೆಗೆದುಕೊಂಡು ಹೊರಗೆ ನಿಂತಿದ್ದೆ. ಉಲ್ದಾ ತನ್ನ ಪಾಲಿನ ಹಜಾರದಲ್ಲಿ ಸುಣ್ಣದ ಕಲ್ಲಿನಿಂದ ನೆಲದ ಮೇಲೆ ಗೆರೆ ಎಳೆದಳು. ಬೆಳಗಾದರೆ ಅಳಿಯುವ ಗೆರೆ. "ನಾನು ಇಲ್ಲಿ. ನೀನೂ ಇಲ್ಲಿ. ಬೆಂಕಿ ನಡುವೆ," ಎಂದಳು. ಅವತ್ತಿನಿಂದ ಅವಳ ಪಾಲಿನಲ್ಲೇ ಇದ್ದೇನೆ. ಉಲ್ದಾಳ ಮಗ ಸೊಸೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಸುನ್ವಿ ಮಾತ್ರ ಗೆರೆಯ ಈಚೆಗೆ ಬರುವುದನ್ನು ಬಿಟ್ಟಳು. ಗೆರೆ ಅಳಿದ ಮೇಲೂ ಅವಳಿಗೆ ಅದು ಎಲ್ಲಿದೆ ಎಂದು ಗೊತ್ತಿತ್ತು. ಬೆಳಗ್ಗೆ ಊರುಗೋಲನ್ನು ನಾನೇ ತಡಕಾಡಿ ತೆಗೆದುಕೊಳ್ಳುವುದು ರೂಢಿಯಾಯಿತು. ಅವಳೊಡನೆ ಮಾತಾಡಲು ನಾನು ಬಹಳ ಸಲ ಬಾಯಿ ತೆರೆದಿದ್ದೇನೆ. ಏನು ಹೇಳಬೇಕಿತ್ತು?

ಆರು ವರ್ಷ ಹೀಗೆ ಹೋಯಿತು. ಹೊನ್ನಿ ಕುಂಬಾರರ ಮನೆಗೆ ಮದುವೆಯಾಗಿ ಹೋದಳು, ಎರಡು ಹೆಣ್ಣು ಮಕ್ಕಳಾದವು. ಅಂಕಯ್ಯ ಸತ್ತ. ಕಾರ್ಯ ಮುಗಿದ ಮೂರನೆಯ ದಿನ ಅವನ ದೊಡ್ಡ ಮಗ ಬಳಗ ಕರೆಸಿದ. ಹೊನ್ನಿ ತನ್ನ ಅಪ್ಪನ ಆಳು, ಅವಳೂ ಅವಳ ಎರಡು ಹೆಣ್ಣುಗಳೂ ತನಗೆ ಬರಬೇಕು, ಹಳೆಯ ಬಿಡುಗಡೆಯಂತೆ ಇದೂ ಮುದುಕಿಯ ಆಟ ಎಂದ. ಆ ಮುದುಕಿ ಯಾರ ಕಿವಿಯನ್ನೂ ನೋಯಿಸಿದವಳಲ್ಲ, ಇಡೀ ಊರಿಗೆ ಗೊತ್ತು ಎಂದ. ಜನರಲ್ಲಿ ಕೆಲವರು ನಕ್ಕರು.

ಒರ್ಗನಿಗೆ ಈಗ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಹೊನ್ನಿ ಮೆಟ್ಟಿಲ ಮೇಲೆ ಎರಡು ಮಕ್ಕಳನ್ನೂ ಎರಡು ಕಂಕುಳಲ್ಲಿ ಅವುಚಿಕೊಂಡು ಕೂತಿದ್ದಳು. ಸುನ್ವಿ ಕೊಳದ ತಳಕ್ಕೆ ಇಳಿದಳು. ಹನ್ನೊಂದು ವರ್ಷ. ಜಡೆಯನ್ನು ಬಿಗಿಯಾಗಿ ಹೆಣೆದಿದ್ದಳು, ಕಿವಿಗಳು ಕಾಣುವ ಹಾಗೆ.

"ಯಾವ ಕಿವಿ?"

"ಎಡಗಿವಿ."

"ಹತ್ತಿರ ಬಾ," ಎಂದು ಒರ್ಗ ಕೈ ಚಾಚಿದ. ಬೆರಳಿನಿಂದ ಅವಳ ಕಿವಿಯ ಅಂಚನ್ನು ಸವರಿದ. ಅಲ್ಲಿ ಒಂದು ಕಚ್ಚು ಇದೆ, ಇಲಿ ಕಡಿದ ರೊಟ್ಟಿಯಂತೆ. ಅವನ ಬೆರಳು ಅಲ್ಲಿ ನಿಂತಿತು.

"ಏನು ಕೇಳಿದೆ?"

ಅವಳು ಹೇಳಿದಳು. ಅಂಕಯ್ಯನ ಮಾತು ಮೂರೂ ಸಲ ಹೇಗಿತ್ತೋ ಹಾಗೆ. ಎರಡನೆಯ ಸಲ ಅವನು ಕೆಮ್ಮಿದ್ದನ್ನೂ ಹೇಳಿದಳು. ಹೊನ್ನಿಯ ಹೊಟ್ಟೆಯ ಮಕ್ಕಳೂ ಆಳುಗಳಲ್ಲ ಎಂಬುದನ್ನು ಹೇಳಿದಳು. ಅಂಗಳದಲ್ಲಿ ಒಣಹಾಕಿದ್ದ ಬಟ್ಟೆ ಎಷ್ಟು, ಯಾರು ಎಲ್ಲಿ ನಿಂತಿದ್ದರು, ತಾನು ಯಾರ ತೊಡೆಯ ಮೇಲೆ ಕೂತಿದ್ದೆ, ಎಲ್ಲವೂ. ಯಾವ ಕೆಂಪು ಕಟ್ಟಿನಲ್ಲೂ ನಾನು ಅಷ್ಟು ಪೂರ್ತಿಯಾಗಿ ಬರೆದಿರಲಿಲ್ಲ.

"ನೋವಾಯಿತೇ?" ಎಂದ ಒರ್ಗ.

"ಈಗ್ಲೂ ನೋಯ್ತದೆ," ಎಂದಳು ಸುನ್ವಿ. ನನ್ನ ಕಡೆ ನೋಡಲಿಲ್ಲ.

ಅಂಕಯ್ಯನ ಮಗ ಎದ್ದು ಹೊರಟುಹೋದ. ಹೊನ್ನಿ ಮಕ್ಕಳನ್ನು ಕೆಳಗಿಳಿಸಿ, ಮೆಟ್ಟಿಲ ಮೇಲೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ದೊಡ್ಡ ಮಗು ಅಮ್ಮನ ಬೆನ್ನು ತಟ್ಟುತ್ತಿತ್ತು. ಜನ ಎದ್ದರು. ನಾನು ಏಳಲು ಹೋದಾಗ ಊರುಗೋಲು ಜಾರಿ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಬಡಿದು ಸದ್ದು ಮಾಡುತ್ತ ಕೊಳದ ತಳಕ್ಕೆ ಬಿತ್ತು.

ಸುನ್ವಿ ಅಲ್ಲೇ ಇದ್ದಳು. ಬಗ್ಗಿ ಅದನ್ನು ಎತ್ತಿಕೊಂಡಳು. ಎರಡು ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ ನಾನಿದ್ದಲ್ಲಿಗೆ ಬಂದಳು. ನಾನು ಕೈ ಚಾಚಿದೆ. ಅವಳು ಅದನ್ನು ನನ್ನ ಕೈಗೆ ಕೊಡಲಿಲ್ಲ. ಕೈಗೆಟಕುವಷ್ಟು ಹತ್ತಿರದಲ್ಲಿ ಗೋಡೆಗೆ ಒರಗಿಸಿ, ಜಾರುವುದಿಲ್ಲ ತಾನೇ ಎಂದು ಒಮ್ಮೆ ಒತ್ತಿ ನೋಡಿ, ಹೋದಳು.